‘ಎಜೊ’ ಅಂದರೆ ನಿನ್ನೆಯಾ, ನಾಳೆಯಾ? ಕ್ರಿಯಾಪದವನ್ನೇ ಕೇಳಿ

ನಿನ್ನೆಗೂ ನಾಳೆಗೂ ಒಂದೇ ಪದ ಇರುವ ಭಾಷೆಯಲ್ಲಿ, "ನಾಳೆ ಮಗುವಿಗೆ ಲಸಿಕೆ ಇದೆ, ಬನ್ನಿ" ಅಂತ ಮೆಸೇಜ್ ಕಳಿಸೋದು ಹೇಗೆ?

ಒಗಟಿನ ಹಾಗೆ ಕೇಳಿಸುತ್ತೆ, ಆದರೆ ನಮ್ಮ ತಂಡಕ್ಕೆ ಇದು ನಿಜವಾಗಿಯೂ ಬಂದ ಕೆಲಸ. ನಾನು ಬೆಂಗಳೂರಿನಲ್ಲಿ ಕೂತು, ಬೇರೆ ಬೇರೆ ದೇಶಗಳ ಆರೋಗ್ಯ ಯೋಜನೆಗಳಿಗೆ ಫೋನ್ ಸಂದೇಶಗಳನ್ನು ಸಿದ್ಧಪಡಿಸುವ ಗುಂಪಿನಲ್ಲಿದ್ದೇನೆ. ಲಸಿಕೆಯ ದಿನ, ಮಾತ್ರೆಯ ಹೊತ್ತು, ತಪಾಸಣೆಯ ತಾರೀಕು ನೆನಪಿಸುವ ಪುಟ್ಟ ಪುಟ್ಟ ವಾಕ್ಯಗಳು. ಇಂಗ್ಲಿಷಿನಲ್ಲಿ ಒಂದು ಎಕ್ಸೆಲ್ ಶೀಟ್ ಬರುತ್ತೆ. ಹೆಸರಿಗೆ ಒಂದು ಖಾಲಿ ಜಾಗ, ದಿನಕ್ಕೆ ಒಂದು ಖಾಲಿ ಜಾಗ. ಅದನ್ನು ಆಯಾ ದೇಶದ ಭಾಷೆಗೆ ತರಿಸಿ, ಸರಿಯಿದೆಯಾ ಅಂತ ನೋಡಿ, ಮುಂದಕ್ಕೆ ದಾಟಿಸಬೇಕು.

ಈ ಸಲ ಬಂದಿದ್ದು ಕಿರುಂಡಿ, ಬುರುಂಡಿ ದೇಶದ ಭಾಷೆ. ಅದರಲ್ಲಿ ‘ಎಜೊ’ ಅಂದರೆ ನಿನ್ನೆ. ‘ಎಜೊ’ ಅಂದರೆ ನಾಳೆ ಕೂಡ. ಹಿಂದಿಯ ‘ಕಲ್’ ಕೇಳಿದವರಿಗೆ ಇದು ಹೊಸದೇನಲ್ಲ. ‘ಕಲ್ ಆಯಾ’ ಅಂದರೆ ನಿನ್ನೆ, ‘ಕಲ್ ಆಯೇಗಾ’ ಅಂದರೆ ನಾಳೆ. ಕಾಲವನ್ನು ನಿರ್ಧರಿಸೋದು ಕ್ರಿಯಾಪದ. ಕಿರುಂಡಿಯಲ್ಲೂ ಹಾಗೇ. ಆದರೆ ಅಲ್ಲಿ ಕ್ರಿಯಾಪದ ಹೊರುವ ಭಾರ ಇಷ್ಟೇ ಅಲ್ಲ.

ಬುಜುಂಬುರಾದಲ್ಲಿರುವ ನಮ್ಮ ಸಹೋದ್ಯೋಗಿ ಶೀಟ್ ತೆರೆದು ನೋಡಿ, ಮೊದಲ ವಾಕ್ಯಕ್ಕೇ ಮೂರು ಪ್ರಶ್ನೆ ಕೇಳಿದರು. ‘ಯಾರು? ಯಾವಾಗ? ಈ ವಾಕ್ಯದಲ್ಲಿ ಮುಖ್ಯವಾದದ್ದು ಏನು?’ ಇಂಗ್ಲಿಷ್ ಶೀಟ್‌ನಲ್ಲಿ ಮೂರಕ್ಕೂ ಪೂರ್ತಿ ಉತ್ತರ ಇರಲಿಲ್ಲ. ‘ಹಾಗಾದರೆ ನಾನು ಕ್ರಿಯಾಪದ ಬರೆಯೋಕಾಗಲ್ಲ’ ಅಂದರು. ಮುಂದಿನ ಕೆಲವು ವಾರ, ನಮಗೂ ಅವರಿಗೂ ಇರುವ ಮೂರೂವರೆ ಗಂಟೆಯ ಅಂತರದಲ್ಲಿ, ಮಧ್ಯಾಹ್ನದ ವಿಡಿಯೋ ಕರೆಗಳಲ್ಲಿ ನಾನು ಕಲಿತಿದ್ದು ಒಂದೇ ಒಂದು ಕ್ರಿಯಾಪದ. ಅದೊಂದರಲ್ಲೇ ಆ ಭಾಷೆಯ ಮುಕ್ಕಾಲು ಪಾಲು ಕುಣಿಕೆಗಳು ಕಾಣುತ್ತವೆ. ನಿಮಗೂ ತೋರಿಸೋಣ ಅಂತ ಈ ಬರಹ.

ಪುಟ್ಟ ದೇಶ, ಒಂದೇ ಮಾತು

ಬುರುಂಡಿ ಪೂರ್ವ ಆಫ್ರಿಕಾದಲ್ಲಿದೆ. ಸುತ್ತ ರುವಾಂಡಾ, ತಾಂಜಾನಿಯಾ, ಕಾಂಗೋ. ಪಕ್ಕದಲ್ಲಿ ಟ್ಯಾಂಗನಿಕಾ ಸರೋವರ. ವಿಸ್ತೀರ್ಣ 27,834 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಏಳನೇ ಒಂದು ಭಾಗ. ಮೊದಲು ಜರ್ಮನಿಯ, ಆಮೇಲೆ ಬೆಲ್ಜಿಯಂನ ಹಿಡಿತದಲ್ಲಿದ್ದು 1962ರ ಜುಲೈ 1ರಂದು ಸ್ವತಂತ್ರವಾಯಿತು. ಫ್ರೆಂಚ್ ಮತ್ತು ಇಂಗ್ಲಿಷ್ ಕೂಡ ಅಧಿಕೃತ ಭಾಷೆಗಳೇ, ಆದರೆ ಮನೆಯಲ್ಲಿ, ಸಂತೆಯಲ್ಲಿ, ರೇಡಿಯೋದಲ್ಲಿ ಕೇಳಿಸೋದು ಕಿರುಂಡಿ. ಆಫ್ರಿಕಾದ ಬಹಳಷ್ಟು ದೇಶಗಳಲ್ಲಿ ಹತ್ತಾರು ಭಾಷೆಗಳಿವೆ. ಬುರುಂಡಿಯಲ್ಲಿ ಹುಟು, ಟುಟ್ಸಿ, ಟ್ವಾ ಮೂರೂ ಸಮುದಾಯಗಳ ಮಾತು ಇದೊಂದೇ. 1993ರಲ್ಲಿ ಶುರುವಾದ ಅಂತರ್ಯುದ್ಧ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ದೇಶವನ್ನು ಸೀಳಿತು, ಆದರೆ ಎರಡೂ ಕಡೆಯವರು ಆಡುತ್ತಿದ್ದದ್ದು ಒಂದೇ ನುಡಿ. ಪಕ್ಕದ ರುವಾಂಡಾದ ಕಿನ್ಯಾರ್ವಾಂಡಾ ಇದಕ್ಕೆ ಎಷ್ಟು ಹತ್ತಿರ ಅಂದರೆ, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಅರ್ಥವಾಗುತ್ತೆ.

ಓದುವ ಮೊದಲು ಒಂದು ಮಾತು. ‘ಜ಼’ ಅಂತ ಕೆಳಗೆ ಚುಕ್ಕಿ ಇರುವಲ್ಲಿ ‘ಜ಼ೂ’ ಅನ್ನುವಾಗಿನ ಉಚ್ಚಾರ ಮಾಡಿ. ಕಿರುಂಡಿಯಲ್ಲೂ ಕನ್ನಡದ ಹಾಗೆ ಹ್ರಸ್ವ–ದೀರ್ಘದ ವ್ಯತ್ಯಾಸ ಇದೆ, ಆದರೆ ಅವರ ದಿನನಿತ್ಯದ ಬರಹ ಅದನ್ನು ತೋರಿಸೋದಿಲ್ಲ. ಹಾಗಾಗಿ ಇಲ್ಲೂ ಅವರ ಬರಹದಂತೆ ಎಲ್ಲವನ್ನೂ ಹ್ರಸ್ವವಾಗೇ ಬರೆದಿದ್ದೇನೆ.

ನಮ್ಮ ‘ಮಾಡು’, ಅವರ ‘ಕೊರ’

ನಾವು ಆರಿಸಿಕೊಂಡ ಕ್ರಿಯಾಪದ ‘ಗುಕೊರ’. ಅರ್ಥ: ಮಾಡುವುದು, ಕೆಲಸ ಮಾಡುವುದು. ಧಾತು ‘ಕೊರ್’. ಮುಂದಿರುವ ‘ಗು’ ನಮ್ಮ ‘-ವುದು’ ಮಾಡುವ ಕೆಲಸ ಮಾಡುತ್ತೆ. ನಾವು ಪ್ರತ್ಯಯವನ್ನು ಹಿಂದೆ ಅಂಟಿಸುತ್ತೇವೆ, ಅವರು ಮುಂದೆ. ಇದೊಂದು ತಿರುವು ತಲೆಯಲ್ಲಿ ಕೂತರೆ ಅರ್ಧ ಕಷ್ಟ ಕಳೆದ ಹಾಗೆ.

ಈಗ ವರ್ತಮಾನ ಕಾಲ:

ನ್ದಕೊರ – ನಾನು ಕೆಲಸ ಮಾಡ್ತೀನಿ
ಉರಕೊರ – ನೀನು ಮಾಡ್ತೀಯ
ಅರಕೊರ – ಅವನು ಮಾಡ್ತಾನೆ, ಅವಳು ಮಾಡ್ತಾಳೆ
ತುರಕೊರ – ನಾವು ಮಾಡ್ತೀವಿ
ಮುರಕೊರ – ನೀವು ಮಾಡ್ತೀರಿ
ಬರಕೊರ – ಅವರು ಮಾಡ್ತಾರೆ

ಮೊದಲ ತುಂಡು ಯಾರು ಅನ್ನೋದನ್ನು ಹೇಳುತ್ತೆ: ನ್, ಉ, ಅ, ತು, ಮು, ಬ. ನಡುವಿನ ‘ರ’ ಏನು ಅಂತ ಆಮೇಲೆ ನೋಡೋಣ. ‘ನ್’ ಮತ್ತು ‘ರ’ ಸೇರಿದಾಗ ‘ನ್ದ’ ಆಗುತ್ತೆ, ಅಷ್ಟೇ ಬದಲಾವಣೆ. ‘ನಾನು’, ‘ನೀನು’ ಅಂತ ಬೇರೆ ಹೇಳಬೇಕಾಗಿಲ್ಲ. ‘ಮಾಡ್ತೀನಿ’ ಅಂದ ಮೇಲೆ ಯಾರು ಅಂತ ಕನ್ನಡದಲ್ಲೂ ಯಾರೂ ಕೇಳಲ್ಲ ಅಲ್ವಾ?

ಎರಡು ಕಡೆ ಮಾತ್ರ ನಿಲ್ಲಬೇಕು. ‘ಅರಕೊರ’ದಲ್ಲಿ ಗಂಡು–ಹೆಣ್ಣು ಅನ್ನುವ ಭೇದ ಇಲ್ಲ. ಕನ್ನಡಕ್ಕೆ ತರುವಾಗ ನಾವು ‘ಮಾಡ್ತಾನೆ’, ‘ಮಾಡ್ತಾಳೆ’ ನಡುವೆ ಒಂದನ್ನು ಆರಿಸಲೇಬೇಕು. ಇಲ್ಲಾಂದ್ರೆ ‘ಮಾಡ್ತಾರೆ’ ಅನ್ನುವ ಗೌರವದ ನೆರಳಿಗೆ ಹೋಗಬೇಕು. ಇನ್ನೊಂದು ‘ಮು’. ಅದು ಬಹುವಚನವೂ ಹೌದು, ಗೌರವವೂ ಹೌದು, ಥೇಟ್ ನಮ್ಮ ‘ನೀವು’. ಶೀಟ್‌ನಲ್ಲಿದ್ದ ಇಂಗ್ಲಿಷ್ ‘ಯು’ ಎದುರಿಗಿರುವವರು ಗೆಳತಿಯೋ ಅಜ್ಜಿಯೋ ಅಂತ ಹೇಳೋದಿಲ್ಲ. ಸಹೋದ್ಯೋಗಿ ‘ಯಾರು?’ ಅಂತ ಕೇಳಿದ್ದು ಅದಕ್ಕೇ. ಮೆಸೇಜ್ ಹೋಗೋದು ಒಬ್ಬ ತಾಯಿಗೆ. ಗೊತ್ತಿಲ್ಲದ ನಂಬರಿನಿಂದ ‘ನೀನು ಬಾ’ ಅಂತ ಬಂದರೆ ನಮ್ಮೂರಲ್ಲಿ ಯಾರಿಗಾದರೂ ಹಿಡಿಸುತ್ತಾ? ಎಲ್ಲ ವಾಕ್ಯಗಳೂ ‘ಮು’ ಆಗಬೇಕು ಅಂತ ಮೊದಲ ದಿನವೇ ತೀರ್ಮಾನವಾಯಿತು.

ಅಮ್ಮ ಹಿಡಿದ ಆದೇಶ ಸಂಧಿ

ಒಂದು ವಿಷಯ ನನಗೆ ತೊಡರುತ್ತಿತ್ತು. ‘ಗುಕೊರ’ದಲ್ಲಿ ‘ಗು’. ಆದರೆ ‘ಮಾತಾಡು’ ಅನ್ನೋದು ‘ಕುವುಗ’, ‘ನೋಡು’ ಅನ್ನೋದು ‘ಕುಬೊನ’. ಅಲ್ಲಿ ‘ಕು’. ಯಾಕೆ?

ಆ ದಿನ ಮನೆಯಿಂದ ಕೆಲಸ. ಅಮ್ಮ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಿಯಾದವರು. ಪಕ್ಕದಲ್ಲಿ ಬೀನ್ಸ್ ಸೋಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ‘ಕ ಹೋಗಿ ಗ ಆಗಿದೆ, ಅಷ್ಟೇ ತಾನೆ? ಮಳೆ ಕಾಲ, ಮಳೆಗಾಲ ಆಗಲ್ವೇನೋ? ಬೆಟ್ಟ ತಾವರೆ, ಬೆಟ್ಟದಾವರೆ ಆಗಲ್ವಾ? ಆದೇಶ ಸಂಧಿ!’ ಅಂದರು.

ಕಾರಣ ಬೇರೆ, ಆದರೆ ಬದಲಾವಣೆ ಅದೇ. ಕಿರುಂಡಿಯಲ್ಲಿ ಕ, ತ, ಸ, ಫ ಥರದ ಗಡಸು ವ್ಯಂಜನ ಮುಂದಿನ ಅಕ್ಷರದಲ್ಲಿದ್ದರೆ, ಹಿಂದಿನ ಪ್ರತ್ಯಯದ ಕ ಮೆತ್ತಗಾಗಿ ಗ ಆಗುತ್ತೆ, ತ ಮೆತ್ತಗಾಗಿ ದ ಆಗುತ್ತೆ. ಎರಡು ಗಡಸು ದನಿಗಳು ಅಕ್ಕಪಕ್ಕದ ಅಕ್ಷರಗಳಲ್ಲಿ ಕೂರೋದು ಅದಕ್ಕೆ ಇಷ್ಟವಿಲ್ಲ. ಅದಕ್ಕೇ ‘ಗು-ಕೊರ’, ‘ಗು-ಸೊಮ’ (ಓದುವುದು), ‘ಗು-ತೆಕ’ (ಅಡುಗೆ ಮಾಡುವುದು). ವ, ಬ, ರ, ಗ ಬಂದರೆ ತೊಂದರೆಯಿಲ್ಲ: ‘ಕು-ವುಗ’, ‘ಕು-ಬೊನ’, ‘ಕು-ರ್ಯ’ (ತಿನ್ನುವುದು), ‘ಕು-ಗೆಂದ’ (ಹೋಗುವುದು). ಭಾಷಾವಿಜ್ಞಾನಿಗಳು ಇದನ್ನು ‘ಡಾಲ್ ನಿಯಮ’ ಅಂತಾರೆ. ನಮ್ಮನೆಯಲ್ಲಿ ಇದರ ಹೆಸರು ‘ಆಫ್ರಿಕಾದ ಆದೇಶ ಸಂಧಿ’. ವ್ಯಾಕರಣದ ಪ್ರಕಾರ ಹೆಸರು ಸರಿಯಲ್ಲ, ನೆನಪಿಟ್ಟುಕೊಳ್ಳೋಕೆ ಮಾತ್ರ ಬಲು ಚೆನ್ನಾಗಿದೆ.

ಒಂದು ಪುಟ್ಟ ‘ರ’, ದೊಡ್ಡ ವ್ಯತ್ಯಾಸ

ಈಗ ಆ ನಡುವಿನ ‘ರ’. ನನಗೆ ಕಿರುಂಡಿಯಲ್ಲಿ ತುಂಬಾ ಹಿಡಿಸಿದ ವಿಷಯ ಇದು.

‘ಬರಕೊರ’ ಅಂದರೆ ಅವರು ಕೆಲಸ ಮಾಡ್ತಾರೆ. ಮಾತು ಅಲ್ಲಿಗೆ ಮುಗಿಯಿತು. ಆದರೆ ‘ತುಂಬಾ ಕೆಲಸ ಮಾಡ್ತಾರೆ’ ಅನ್ನಬೇಕಾದರೆ ‘ಬಕೊರ ಚನೆ’. ‘ರ’ ಮಾಯ! ‘ನೀನು ಏನು ಮಾಡ್ತೀಯ?’ ಅನ್ನೋಕೆ ‘ಉಕೊರ ಇಕಿ?’. ‘ಎಲ್ಲಿ ಕೆಲಸ ಮಾಡ್ತೀಯ?’ ಅನ್ನೋಕೆ ‘ಉಕೊರ ಹೆ?’. ಉತ್ತರ: ‘ನ್ಕೊರ ಇ ಗಿತೆಗ’, ಗಿತೆಗದಲ್ಲಿ ಕೆಲಸ ಮಾಡ್ತೀನಿ. ಎಲ್ಲೂ ‘ರ’ ಇಲ್ಲ.

ಗುಟ್ಟು ಇಷ್ಟು. ಮಾತಿನ ತೂಕ ಕ್ರಿಯಾಪದದ ಮೇಲೇ ಇದ್ದರೆ, ಅಥವಾ ವಾಕ್ಯ ಅದರಲ್ಲೇ ಮುಗಿದರೆ ‘ರ’ ಬೇಕು. ತೂಕ ಮುಂದೆ ಬರುವ ಪದದ ಮೇಲಿದ್ದರೆ ‘ರ’ ಸರಿದು ದಾರಿ ಬಿಡುತ್ತೆ. ಅಂದರೆ ಕ್ರಿಯಾಪದ ಕೇಳಿದ ಕೂಡಲೇ ಗೊತ್ತಾಗುತ್ತೆ, ‘ತಾಳು, ಮುಖ್ಯವಾದದ್ದು ಇನ್ನೂ ಬರಬೇಕು’ ಅಂತ. ನಾವು ಕನ್ನಡದಲ್ಲಿ ಈ ಕೆಲಸಕ್ಕೆ ಇನ್ನೊಂದು ಉಪಾಯ ಬಳಸುತ್ತೇವೆ. ‘ಮೈಸೂರಲ್ಲೇ ಕೆಲಸ ಮಾಡ್ತಾಳೆ’ ಅಂತ ಆ ಪದಕ್ಕೇ ಒಂದು ‘ಏ’ ಅಂಟಿಸುತ್ತೇವೆ. ನಾವು ಗುರುತು ಹಾಕೋದು ನಾಮಪದದ ಮೇಲೆ, ಅವರು ಕ್ರಿಯಾಪದದ ಮೇಲೆ.

ಬೆಲ್ಜಿಯಂನ ಭಾಷಾವಿಜ್ಞಾನಿ ಎ. ಇ. ಮ್ಯೂಸೆನ್ 1959ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ರುಂಡಿ ವ್ಯಾಕರಣದಲ್ಲಿ ಈ ಎರಡು ರೂಪಗಳಿಗೆ ‘ಕೂಡಿದ’ ಮತ್ತು ‘ಬಿಡಿಯಾದ’ ಅನ್ನುವ ಅರ್ಥದ ಹೆಸರುಗಳನ್ನು ಬಳಸಿದರು. ಇವತ್ತಿಗೂ ಆಫ್ರಿಕಾದ ಎಷ್ಟೋ ಬಂಟು ಭಾಷೆಗಳ ಅಧ್ಯಯನದಲ್ಲಿ ಅದೇ ಜೋಡಿ ಹೆಸರು ನಡೆಯುತ್ತಿದೆ.

ನಮ್ಮ ಶೀಟ್‌ಗೆ ಇದರಿಂದ ಬಂದ ಫಜೀತಿ ಏನು ಗೊತ್ತಾ? ಟೆಂಪ್ಲೇಟ್‌ನಲ್ಲಿ ದಿನ ಅಥವಾ ಜಾಗದ ಹೆಸರು ಒಮ್ಮೆ ಇರುತ್ತೆ, ಒಮ್ಮೆ ಖಾಲಿ ಬಿಟ್ಟು ಹೋಗುತ್ತೆ. ಇಂಗ್ಲಿಷಿನಲ್ಲಿ ಖಾಲಿ ಬಿಟ್ಟರೂ ಉಳಿದ ವಾಕ್ಯ ಹಾಗೇ ನಿಲ್ಲುತ್ತೆ. ಕಿರುಂಡಿಯಲ್ಲಿ ಮುಂದಿನ ಪದ ಬಿದ್ದುಹೋದರೆ ಕ್ರಿಯಾಪದವೇ ಬೇರೆಯಾಗಬೇಕು. ಇಲ್ಲದಿದ್ದರೆ ಏನೋ ಹೇಳಲು ಬಾಯಿ ತೆರೆದು ಅರ್ಧಕ್ಕೆ ನಿಲ್ಲಿಸಿದ ಹಾಗೆ ಕೇಳಿಸುತ್ತೆ. ಸಹೋದ್ಯೋಗಿಯ ಮೂರನೇ ಪ್ರಶ್ನೆ ಇದೇ: ಮುಖ್ಯವಾದದ್ದು ಏನು?

ನಿನ್ನೆ, ಇವತ್ತು, ನಾಳೆ

ಭೂತಕಾಲಕ್ಕೆ ಬಂದರೆ ಧಾತುವಿನ ಬಾಲವೇ ಬದಲಾಗುತ್ತೆ. ‘ಕೊರ್’ಗೆ ‘ಯೆ’ ಸೇರಿ ‘ಕೊಜ಼ೆ’ ಆಗುತ್ತೆ. ‘ವುಗ’ ಹೋಗಿ ‘ವುಜ಼ೆ’, ‘ತೆಕ’ ಹೋಗಿ ‘ತೆತ್ಸೆ’, ‘ಬೊನ’ ಹೋಗಿ ‘ಬೊನ್ಯೆ’. ಕಷ್ಟ ಅನಿಸಿದರೆ ಕನ್ನಡ ಕಲಿಯುವವರನ್ನು ನೆನಪು ಮಾಡಿಕೊಳ್ಳಿ. ಬರು–ಬಂದೆ, ಕೊಡು–ಕೊಟ್ಟೆ, ಬೀಳು–ಬಿದ್ದೆ. ನಾವೇನು ಕಮ್ಮಿ?

ನಕೊಜ಼ೆ – ನಾನು ಮಾಡಿದೆ
ವಕೊಜ಼ೆ – ನೀನು ಮಾಡಿದೆ
ಯಕೊಜ಼ೆ – ಅವನು ಮಾಡಿದ, ಅವಳು ಮಾಡಿದಳು
ತ್ವಕೊಜ಼ೆ – ನಾವು ಮಾಡಿದೆವು
ಮ್ವಕೊಜ಼ೆ – ನೀವು ಮಾಡಿದಿರಿ
ಬಕೊಜ಼ೆ – ಅವರು ಮಾಡಿದರು

ಭೂತಕಾಲದ ಗುರುತು ‘ಅ’. ಅದು ಮುಂದಿನ ‘ಉ’ ಜೊತೆ ಸೇರಿ ‘ವ’ ಆಗಿದೆ, ‘ತು’ ಜೊತೆ ಸೇರಿ ‘ತ್ವ’ ಆಗಿದೆ. ಸಂಧಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಿರುಂಡಿಗೆ ಎರಡು ಭೂತಕಾಲ. ಇವತ್ತೇ ಆದದ್ದು ಒಂದು, ನಿನ್ನೆ ಅಥವಾ ಅದಕ್ಕೂ ಹಿಂದೆ ಆದದ್ದು ಇನ್ನೊಂದು. ಬರೆದರೆ ಎರಡೂ ಒಂದೇ ‘ನಕೊಜ಼ೆ’. ಬಾಯಲ್ಲಿ ಮಾತ್ರ ಬೇರೆ. ಆ ‘ಅ’ವನ್ನು ಏರುದನಿಯಲ್ಲಿ ಹೇಳಿದರೆ ಹಿಂದಿನ ದಿನಗಳದ್ದು, ತಗ್ಗಿಸಿ ಹೇಳಿದರೆ ಇವತ್ತಿನದು. ಕಿರುಂಡಿ ದನಿಯ ಏರಿಳಿತಕ್ಕೂ ಅರ್ಥ ಇರುವ ಭಾಷೆ, ಆದರೆ ಆ ಏರಿಳಿತ ದಿನನಿತ್ಯದ ಬರಹಕ್ಕೆ ಇಳಿಯೋದಿಲ್ಲ. ‘ಇವತ್ತು ಬೆಳಗ್ಗೆ ಮಾತ್ರೆ ತಗೊಂಡ್ರಾ’, ‘ಮೊನ್ನೆ ತಗೊಂಡ್ರಾ’ ಅನ್ನುವ ವ್ಯತ್ಯಾಸ ಮುಖ್ಯವಾದ ಕಡೆ, ಎಸ್ಸೆಮ್ಮೆಸ್ಸಿನ ಅಕ್ಷರಗಳನ್ನು ನಂಬಿ ಕೂರುವಂತಿಲ್ಲ.

ಭವಿಷ್ಯತ್ತು ಸಲೀಸು. ನಡುವೆ ‘ಜ಼ೊ’ ಹಾಕಿದರೆ ಆಯಿತು: ನ್ಜ಼ೊಕೊರ, ಉಜ಼ೊಕೊರ, ಅಜ಼ೊಕೊರ, ತುಜ಼ೊಕೊರ, ಮುಜ಼ೊಕೊರ, ಬಜ಼ೊಕೊರ. ರುವಾಂಡಾದವರಾದರೆ ಇದೇ ಜಾಗದಲ್ಲಿ ‘ಜ಼’ ಅಂತಾರೆ, ‘ನ್ಜ಼ಕೊರ’. ಗಡಿ ದಾಟಿದರೆ ಒಂದು ಸ್ವರ ಬದಲು, ನಮ್ಮ ಹುಬ್ಬಳ್ಳಿ–ಮೈಸೂರಿನ ಹಾಗೆ.

ಈಗ ‘ಎಜೊ’ ಬಿಡಿಸೋಣ.

ಎಜೊ ನರಕೊಜ಼ೆ – ನಿನ್ನೆ ಕೆಲಸ ಮಾಡಿದೆ
ಎಜೊ ನ್ಜ಼ೊಕೊರ – ನಾಳೆ ಕೆಲಸ ಮಾಡ್ತೀನಿ

(‘ನರಕೊಜ಼ೆ’ಯಲ್ಲಿ ನಮ್ಮ ಹಳೇ ಪರಿಚಯದ ‘ರ’ ಇದೆ, ವಾಕ್ಯ ಅಲ್ಲೇ ಮುಗಿದಿದೆಯಲ್ಲ!)

ಗೊಂದಲವೇ ಬೇಡ ಅಂದರೆ ಅವರು ‘ಎಜೊ’ ಪಕ್ಕಕ್ಕೂ ಒಂದು ಕ್ರಿಯಾಪದವನ್ನೇ ತಂದು ಕೂರಿಸುತ್ತಾರೆ. ‘ಎಜೊ ಹಹೆಜ಼ೆ’ ಅಂದರೆ ಮುಗಿದುಹೋದ ಎಜೊ, ನಿನ್ನೆ. ‘ಎಜೊ ಹಜ಼ೊಜ಼’ ಅಂದರೆ ಬರಲಿರುವ ಎಜೊ, ನಾಳೆ. ‘ಭವಿಷ್ಯ’ ಅನ್ನೋಕೂ ಇದೇ ಮಾತು. ಆ ‘ಹೆಜ಼ೆ’ ಹುಟ್ಟಿದ್ದು ‘ಹೆರ’ ಅನ್ನುವ ಧಾತುವಿನಿಂದ, ಕೊರ–ಕೊಜ಼ೆಯ ದಾರಿಯಲ್ಲೇ. ಒಂದು ಕ್ರಿಯಾಪದ ಚೆನ್ನಾಗಿ ಗೊತ್ತಾದರೆ ಇನ್ನೊಂದು ತಾನಾಗೇ ಕೈ ಹಿಡಿಯುತ್ತೆ ಅನ್ನೋದು ಹೀಗೆ.

ಇಲ್ಲ, ಬೇಡ, ಮಾಡೋಣ

‘ಮಾಡಲ್ಲ’ ಅನ್ನೋಕೆ ಶುರುವಿನಲ್ಲೇ ‘ನ್ತಿ’ ಸೇರಿಸಬೇಕು. ನಾನು ಅನ್ನುವಾಗ ಮಾತ್ರ ‘ಸಿ’.

ಸಿನ್ಕೊರ – ನಾನು ಮಾಡಲ್ಲ
ನ್ತುಕೊರ – ನೀನು ಮಾಡಲ್ಲ
ನ್ತಕೊರ – ಅವನು/ಅವಳು ಮಾಡಲ್ಲ
ನ್ತಿದುಕೊರ – ನಾವು ಮಾಡಲ್ಲ
ನ್ತಿಮುಕೊರ – ನೀವು ಮಾಡಲ್ಲ
ನ್ತಿಬಕೊರ – ಅವರು ಮಾಡಲ್ಲ

‘ತು’ ಇಲ್ಲಿ ‘ದು’ ಆಗಿದ್ದು ಗಮನಿಸಿದಿರಾ? ಮುಂದೆ ಗಡಸು ‘ಕ’ ಬಂತು, ಅಮ್ಮನ ಆದೇಶ ಸಂಧಿ ಕೆಲಸ ಮಾಡಿತು. ಇವತ್ತಿನ ಕನ್ನಡದಲ್ಲಿ ‘ಮಾಡಲ್ಲ’ ಎಲ್ಲರಿಗೂ ಒಂದೇ. ಆದರೆ ‘ಒಲ್ಲೆ’, ‘ಅರಿಯೆ’ ಅನ್ನುವಾಗ ನಮ್ಮಲ್ಲೂ ಇಲ್ಲ ಅನ್ನೋದು ಮತ್ತು ನಾನು ಅನ್ನೋದು ಒಂದೇ ಪದದೊಳಗೆ ಕೂತಿವೆ. ಕಿರುಂಡಿ ಅದನ್ನು ಆರೂ ಪುರುಷಗಳಿಗೆ ದಿನಾ ಬಳಸುತ್ತೆ.

ಕೊನೆಯ ‘ಅ’ ಹೋಗಿ ‘ಎ’ ಬಂದರೆ ಕೋರಿಕೆ, ಅಪೇಕ್ಷೆ. ‘ಅಕೊರೆ’ ಅಂದರೆ ಮಾಡಲಿ. ‘ದುಕೊರೆ’ ಅಂದರೆ ಮಾಡೋಣ. ‘ಮುಕೊರೆ’ ಅಂದರೆ ಮಾಡಿ. ‘ನ್ತುಕೊರೆ’ ಅಂದರೆ ಮಾಡಬೇಡ. ಒಂದೇ ಒಂದು ಸ್ವರ ಬದಲಾಗಿ ವರದಿ ಹೋಗಿ ವಿನಂತಿಯಾಯಿತು.

ಒಂದೇ ಪದದಲ್ಲಿ ನಾನೂ ನೀನೂ

ಇಲ್ಲೊಂದು ಪುಟ್ಟ ವಿರಾಮ, ನಿಮ್ಮಲ್ಲಿ ಕೆಲವರಿಗೆ ಉಪಯೋಗಕ್ಕೆ ಬಂದರೂ ಬರಬಹುದು. ‘ನ್ದಗುಕುಂದ’. ನ್–ನಾನು, ದ–ಅದೇ ‘ರ’, ಗು–ನಿನ್ನನ್ನು, ಕುಂದ–ಪ್ರೀತಿಸು. ಪೂರ್ತಿ ಪ್ರೇಮನಿವೇದನೆ ಒಂದೇ ಪದದಲ್ಲಿ! ಯಾರನ್ನು ಅನ್ನೋದೂ ಕ್ರಿಯಾಪದದ ಹೊಟ್ಟೆಯೊಳಗೇ ಇದೆ. ‘ನ್ದಮುಕುಂದ’ ಅಂದರೆ ಅವನನ್ನು ಅಥವಾ ಅವಳನ್ನು ಪ್ರೀತಿಸ್ತೀನಿ. ‘ಅರನ್ಕುಂದ’ ಅಂದರೆ ಅವಳು (ಅಥವಾ ಅವನು) ನನ್ನನ್ನು ಪ್ರೀತಿಸ್ತಾಳೆ. ಒಂದೇ ಅಕ್ಷರದ ಜಾಗ ಬದಲಾದರೆ ಪ್ರೀತಿ ಹರಿಯುವ ದಿಕ್ಕೇ ಬದಲು.

ಕೆಲಸದ ಜಾಗಕ್ಕೆ ವಾಪಸ್ ಬರೋಣ. ಧಾತುವಿನ ಹಿಂದೆಯೂ ತುಂಡುಗಳನ್ನು ಸೇರಿಸಬಹುದು, ಇಲ್ಲಿ ಕನ್ನಡದವರಿಗೆ ಮನೆಗೆ ಬಂದ ಹಾಗಾಗುತ್ತೆ.

ಗುಕೊರೆಶ – ಮಾಡಿಸುವುದು, ಉಪಯೋಗಿಸುವುದು
ಗುಕೊರೆರ – ಯಾರಿಗೋಸ್ಕರವೋ ಮಾಡುವುದು, ನಮ್ಮ ‘ಮಾಡಿಕೊಡು’ ಥರ
ಗುಕೊರನ – ಒಬ್ಬರಿಗೊಬ್ಬರು ಸೇರಿ ಮಾಡುವುದು
ಗುಕೊರ್ವ – ಮಾಡಲ್ಪಡುವುದು

‘ಮಾಡು’ಗೆ ‘ಇಸು’ ಸೇರಿಸಿ ‘ಮಾಡಿಸು’ ಮಾಡುವ ನಮಗೆ ‘ಎಶ’ ಅರ್ಥವಾಗೋಕೆ ಎಷ್ಟು ಹೊತ್ತು? ಇದೇ ಧಾತುವಿನಿಂದ ನಾಮಪದಗಳೂ ಹುಟ್ಟುತ್ತವೆ. ‘ಉಮುಕೊಜ಼ಿ’ ಕೆಲಸಗಾರ ಅಥವಾ ಕೆಲಸಗಾರ್ತಿ, ‘ಅಬಕೊಜ಼ಿ’ ಕೆಲಸಗಾರರು, ‘ಇಗಿಕೊರ್ವ’ ಒಂದು ಕಾರ್ಯ, ‘ಇಬಿಕೊರ್ವ’ ಕಾರ್ಯಗಳು.

ಆ ‘ಉಮು, ಅಬ, ಇಗಿ, ಇಬಿ’ಗಳು ನಾಮಪದದ ವರ್ಗಗಳು. ಕನ್ನಡಕ್ಕೆ ಮೂರು ಲಿಂಗ ಇದ್ದರೆ ಕಿರುಂಡಿಗೆ ಹದಿನಾರು ವರ್ಗ. ಭಾಷೆಯ ಹೆಸರಲ್ಲೇ ಇದು ಕಾಣುತ್ತೆ: ‘ಉಮುರುಂದಿ’ ಒಬ್ಬ ವ್ಯಕ್ತಿ, ‘ಅಬರುಂದಿ’ ಜನ, ‘ಉಬುರುಂದಿ’ ದೇಶ, ‘ಇಕಿರುಂದಿ’ ಭಾಷೆ. ಕ್ರಿಯಾಪದ ಆ ವರ್ಗಕ್ಕೆ ತಕ್ಕ ಟೋಪಿ ಹಾಕಿಕೊಳ್ಳಬೇಕು. ‘ಬೀಳು’ ಅನ್ನೋ ಕ್ರಿಯಾಪದ ನೋಡಿ. ‘ಉಮ್ವನ ಅರಗ್ವ’, ಮಗು ಬೀಳುತ್ತೆ. ‘ಅಬನ ಬರಗ್ವ’, ಮಕ್ಕಳು ಬೀಳುತ್ತಾರೆ. ‘ಇಗಿತಿ ಕಿರಗ್ವ’, ಮರ ಬೀಳುತ್ತೆ. ‘ಇಬಿತಿ ಬಿರಗ್ವ’, ಮರಗಳು ಬೀಳುತ್ತವೆ. ‘ಇಮ್ವುರ ಇರಗ್ವ’, ಮಳೆ ಬೀಳುತ್ತೆ. ಕನ್ನಡದಲ್ಲಿ ಮಗು, ಮರ, ಮಳೆ ಮೂರಕ್ಕೂ ಒಂದೇ ‘ಬೀಳುತ್ತೆ’. ಕಿರುಂಡಿಯಲ್ಲಿ ಮೂರಕ್ಕೂ ಬೇರೆ ಬೇರೆ, ಮಗು ಮಾತ್ರ ದೊಡ್ಡವರ ಸಾಲಿನಲ್ಲೇ ನಿಲ್ಲುತ್ತೆ. ಖಾಲಿ ಜಾಗದಲ್ಲಿ ಯಾವ ಪದ ಬೇಕಾದರೂ ತುಂಬಿ ಅನ್ನುವ ಟೆಂಪ್ಲೇಟ್ ಇಂಥ ಕಡೆ ನಡೆಯೋದಿಲ್ಲ.

ಥ್ಯಾಂಕ್ಸ್ ಅಂದರೆ ‘ನೀವು ಮಾಡಿದ್ದೀರಿ’

‘ಇಷ್ಟೆಲ್ಲಾ ಕಲೀತಿದ್ದೀಯಲ್ಲ, ಥ್ಯಾಂಕ್ಸ್‌ಗೆ ಏನಂತಾರೆ?’ ಅಂತ ಅಮ್ಮ ಒಂದು ದಿನ ಕೇಳಿದರು. ಉತ್ತರ ನನ್ನ ಪಟ್ಟಿಯಲ್ಲೇ ಇತ್ತು. ಗೆಳೆಯರಿಗೆ ‘ಉರಕೊಜ಼ೆ’, ಹಿರಿಯರಿಗೆ ಅಥವಾ ಹಲವರಿಗೆ ‘ಮುರಕೊಜ಼ೆ’. ತುಂಬಾ ಥ್ಯಾಂಕ್ಸ್ ಅಂದರೆ ‘ಮುರಕೊಜ಼ೆ ಚನೆ’. ಬಿಡಿಸಿ ನೋಡಿ: ಮು–ನೀವು, ರ, ಕೊಜ಼ೆ–ಮಾಡಿದ್ದು. ನೀವು ಮಾಡಿದ್ದೀರಿ, ದುಡಿದಿದ್ದೀರಿ. ನಮ್ಮ ‘ಗುಕೊರ’ವೇ!

‘ಅದೇ ಸರಿ. ನಾವೂ ಧನ್ಯವಾದ ಅಂತ ಎಲ್ಲಿ ಅಂತೀವಿ? ಬಹಳ ಉಪಕಾರ ಆಯ್ತು ಅಂತೀವಿ’ ಅಂದರು ಅಮ್ಮ. ನಿಜ. ಕಿರುಂಡಿಯ ಬೆಳಗಿನ ನಮಸ್ಕಾರ ‘ಮ್ವರಮುತ್ಸೆ’, ಸಂಜೆಯದು ‘ಮ್ವಿರಿವೆ’. ಎರಡೂ ಭೂತಕಾಲದ ಕ್ರಿಯಾಪದಗಳು, ರಾತ್ರಿ ಕಳೆದು ಎದ್ದಿರಿ, ಹಗಲು ಕಳೆದಿರಿ ಅನ್ನುವ ಅರ್ಥದವು. ‘ಊಟ ಆಯ್ತಾ?’ ಅಂತ ಮಾತು ಶುರುಮಾಡಿ ‘ಬರ್ತೀನಿ’ ಅಂತ ಮುಗಿಸುವ ನಮಗೆ ಇದು ಹೊರಗಿನದು ಅನಿಸಲೇ ಇಲ್ಲ.

ಆ ಮೆಸೇಜ್ ಏನಾಯಿತು?

‘ಎಜೊ’ ಪದವನ್ನೇ ತೆಗೆದರು. ಅದರ ಜಾಗಕ್ಕೆ ವಾರದ ಹೆಸರು ಮತ್ತು ತಾರೀಕು ಬಂತು.

ಆಮೇಲೆ ಕ್ರಿಯಾಪದ. ‘ಬರುವುದು’ ಅನ್ನೋದು ‘ಕುಜ಼’. ‘ಮುಜ಼ೊಜ಼’ ಅಂದರೆ ನೀವು ಬರ್ತೀರಿ. ಅದು ಹೇಳಿಕೆ, ಆಫೀಸಿನ ಆದೇಶದ ಹಾಗೆ ಕೇಳಿಸಬಹುದು ಅಂತ ಸಹೋದ್ಯೋಗಿ ಅದನ್ನು ಬಿಟ್ಟರು. ಆರಿಸಿದ್ದು ‘ಮುಜ಼ೆ’, ಬನ್ನಿ. ಕೋರಿಕೆ ಯಾವತ್ತೂ ಮುಂದಿನದಕ್ಕೇ ಇರುತ್ತೆ, ಹಾಗಾಗಿ ನಿನ್ನೆ ಅನ್ನುವ ಅರ್ಥ ಅಲ್ಲಿ ನುಸುಳೋಕೆ ಜಾಗವೇ ಇಲ್ಲ. ಗೌರವದ ‘ಮು’ ಇದೆ, ವಿನಂತಿಯ ‘ಎ’ ಇದೆ. ಎರಡೇ ಅಕ್ಷರ.

ಖಾಲಿ ಜಾಗಗಳ ಟೆಂಪ್ಲೇಟ್ ಕೈಬಿಟ್ಟು, ಪ್ರತಿ ಸಂದರ್ಭಕ್ಕೂ ಪೂರ್ತಿ ವಾಕ್ಯ ಬರೆಸಿದೆವು. ದನಿಯಲ್ಲಿ ಹೋಗುವ ಸಂದೇಶಗಳನ್ನು ಕಂಪ್ಯೂಟರಿನಿಂದ ಓದಿಸಲಿಲ್ಲ, ಸಹೋದ್ಯೋಗಿಯೇ ಓದಿ ರೆಕಾರ್ಡ್ ಮಾಡಿದರು. ಇವತ್ತಿನ ಭೂತಕಾಲ, ಹಿಂದಿನ ಭೂತಕಾಲ ಬೇರೆಯಾಗೋದು ಆ ಏರುದನಿಯಲ್ಲೇ ತಾನೆ? ಕೆಲಸ ಎರಡು ವಾರ ಹೆಚ್ಚು ಹಿಡಿಯಿತು. ಆದರೆ ಯೋಚಿಸಿ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಇಳಿದು ಬರಬೇಕಾದ ತಾಯಿಗೆ ದಿನ ಆಗಲೇ ಕಳೆದುಹೋಯಿತು ಅನಿಸಿದರೆ, ಹೊರಡುವ ಕಾಲು ಹಿಂದೆ ಸರಿಯುತ್ತೆ. ಎರಡು ವಾರ ಅದಕ್ಕಿಂತ ದುಬಾರಿಯಲ್ಲ.

ಕಲಿಯುವ ಆಸೆ ಇದ್ದವರಿಗೆ

ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ 1965ರಲ್ಲಿ ತಂದ ಕಿರುಂಡಿ ಪಾಠಗಳು ಇವತ್ತು ಎಲ್ಲರಿಗೂ ಉಚಿತ. ಹಳೆಯ ಕಾಲದ ಪುಸ್ತಕ, ಆದರೆ ಅಭ್ಯಾಸಗಳು ಗಟ್ಟಿ. ನನ್ನ ಸಲಹೆ ಇಷ್ಟೇ: ಪಾಠ ಇಂಗ್ಲಿಷಿನಲ್ಲಿದ್ದರೂ ತಲೆಯೊಳಗೆ ಕನ್ನಡಕ್ಕೇ ಹೋಲಿಸಿ. ‘ನೀವು’, ‘ಇಸು’, ‘ಒಲ್ಲೆ’, ಮಳೆಗಾಲ, ಒತ್ತಿ ಹೇಳುವ ‘ಏ’ ಇವೆಲ್ಲ ಈಗಾಗಲೇ ನಿಮ್ಮ ಹತ್ತಿರ ಇವೆ. ಇಂಗ್ಲಿಷಿನ ಮೂಲಕ ಸುತ್ತಿ ಹೋದರೆ ಅವನ್ನೆಲ್ಲ ಬಾಗಿಲಲ್ಲೇ ಬಿಟ್ಟು ಹೋದ ಹಾಗೆ. ಮೊದಲು ಒಂದೇ ಕ್ರಿಯಾಪದ ಹಿಡಿದು ಅದನ್ನೇ ಎಲ್ಲ ಕಾಲಕ್ಕೂ ಎಲ್ಲ ಪುರುಷಕ್ಕೂ ತಿರುಗಿಸಿ. ನೂರು ಪದಗಳ ಪಟ್ಟಿ ಆಮೇಲೆ.

ಕೆಲಸ ಮುಗಿದ ದಿನ ಸಹೋದ್ಯೋಗಿ ಕಳಿಸಿದ ಮೇಲ್‌ನಲ್ಲಿ ‘ಮುರಕೊಜ಼ೆ ಚನೆ’ಯ ಕೆಳಗೆ ಇನ್ನೊಂದೇ ಪದ ಇತ್ತು: ‘ತುಜ಼ೊಕೊರನ’. ಅದರ ಅರ್ಥ ನಾನು ಹೇಳಲ್ಲ. ತು, ಜ಼ೊ, ಕೊರ್, ಅನ, ನಾಲ್ಕೂ ತುಂಡು ಈ ಬರಹದಲ್ಲೇ ಇವೆ. ಬಿಡಿಸಿ ನೋಡಿ.